ಬಿಎಸ್ಸಿ ಗಣಿತ: ಲೆಕ್ಕ ಕೂಡುತ್ತದೆಯೇ?

ಪ್ರಶ್ನೆ: ಮಗಳಿಗೆ ಪಿಯುಸಿ ವಿಜ್ಞಾನದಲ್ಲಿ ಶೇ 96 ಬಂದಿದೆ. ಬಿಎಸ್ಸಿ ಗಣಿತವೇ ಬೇಕು ಎನ್ನುತ್ತಾಳೆ. ಸಿಇಟಿ ರ‍್ಯಾಂಕ್ ಹಿಂದಿದೆ. ಸಾಲ ಮಾಡಿಯಾದರೂ ಸಾಧಾರಣ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ ಎಂದು ನೆಂಟರ ಒತ್ತಾಯ. ಹಣದ ಮಟ್ಟಿಗೆ ಯಾವುದು ಸರಿ?
– ಓದುಗರು, ಶಿರಸಿ

ಉತ್ತರ: ಬರೀ ಫೀಸು ಹೋಲಿಸಿದರೆ ದಾರಿ ತಪ್ಪುತ್ತೀರಿ. ದೊಡ್ಡ ಖರ್ಚು ಇರುವುದು ದುಡಿಯದೆ ಓದುವ ವರ್ಷಗಳಲ್ಲಿ. ಕೆಳಗಿನವು ಉದಾಹರಣೆಗೆ ಹಿಡಿದ ಅಂಕಿಗಳು, ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಎಂಜಿನಿಯರಿಂಗ್‌ಗೆ ವರ್ಷಕ್ಕೆ 2 ಲಕ್ಷದಂತೆ 8 ಲಕ್ಷ ಸಾಲ, ಬಡ್ಡಿ ಶೇ 10. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ನಿಜ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ: ಮೊದಲ 2 ಲಕ್ಷಕ್ಕೆ ಐದು ವರ್ಷ, ಮುಂದಿನವಕ್ಕೆ ನಾಲ್ಕು, ಮೂರು, ಎರಡು. ಸರಳ ಬಡ್ಡಿ ಹಿಡಿದರೂ 2.8 ಲಕ್ಷ. ಆ 10.8 ಲಕ್ಷ ಹತ್ತು ವರ್ಷದಲ್ಲಿ ತೀರಬೇಕಾದರೆ ತಿಂಗಳ ಇಎಂಐ ಸುಮಾರು 14,270 ರೂಪಾಯಿ. ಆಮೇಲೆ ಸಿಗುವ ಕೆಲಸದ ಸಿಟಿಸಿ (ಕಂಪನಿ ಒಬ್ಬ ನೌಕರರಿಗೆ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) 3.6 ಲಕ್ಷ ಎಂದರೆ ತಿಂಗಳಿಗೆ ಕೈಗೆ 30,000 ಬರುವುದಿಲ್ಲ. ಪಿಎಫ್‌ನ ಎರಡೂ ಪಾಲು, ಗ್ರಾಚ್ಯುಟಿ ಕಳೆದರೆ 25 ಸಾವಿರದ ಆಸುಪಾಸು. ಅದರಲ್ಲಿ ಇಎಂಐ, ಬೆಂಗಳೂರಿನ ಪಿಜಿ ಬಾಡಿಗೆ ಕಳೆದು ನೋಡಿ.

ಇನ್ನು ಬಿಎಸ್ಸಿ. ಸರ್ಕಾರಿ ಕಾಲೇಜು, ಹಾಸ್ಟೆಲ್ ಸೇರಿ ವರ್ಷಕ್ಕೆ 70,000 ಎಂದುಕೊಳ್ಳಿ, ಮೂರು ವರ್ಷಕ್ಕೆ 2.1 ಲಕ್ಷ. ಎಂಎಸ್ಸಿಗೆ 2 ಲಕ್ಷ. ಎಂಜಿನಿಯರಿಂಗ್ ಮುಗಿಸಿದವರು ದುಡಿಯುವ ಐದನೇ ವರ್ಷ ಇವಳು ಇನ್ನೂ ಓದುತ್ತಿರುತ್ತಾಳೆ, ಅಲ್ಲಿ ತಪ್ಪಿಹೋದ ಸಂಬಳ 3 ಲಕ್ಷ. ಒಟ್ಟು 7.1 ಲಕ್ಷ. ಪಿಯು ಉಪನ್ಯಾಸಕಿಯಾಗಲು ಮೇಲೊಂದು ಬಿ.ಇಡಿ ಬೇಕು: ಫೀಸು, ಊಟ-ವಸತಿಗೆ 1.5 ಲಕ್ಷ, ಎರಡು ವರ್ಷದ ಸಂಬಳ 6 ಲಕ್ಷ. ಮೊತ್ತ 14.6 ಲಕ್ಷ! ಅಗ್ಗದ ಓದು ಎಂದುಕೊಂಡದ್ದು ಎಂಜಿನಿಯರಿಂಗ್‌ಗಿಂತ ದುಬಾರಿಯಾಯಿತು. ಅದೇ ಬಿಎಸ್ಸಿ ಮುಗಿದೊಡನೆ ಬಿ.ಇಡಿ ಮಾಡಿ ಪ್ರೌಢಶಾಲೆಗೆ ಹೋಗುವವರಿಗೆ 6.6 ಲಕ್ಷ ಸಾಕು. ನೇಮಕಾತಿ ಅಧಿಸೂಚನೆಗೆ ಕಾಯುವ ಪ್ರತಿ ವರ್ಷವನ್ನೂ ಈ ಖಾತೆಗೇ ಸೇರಿಸಿ. ಹಲವರ ಲೆಕ್ಕ ಕೆಡುವುದು ಅಲ್ಲಿಯೇ.

ಒಂದು ತಿದ್ದುಪಡಿ ಇದೆ. ಆ 3 ಲಕ್ಷ ತಪ್ಪಿತು ಎನ್ನಲು ಎಂಜಿನಿಯರಿಂಗ್ ಓದಿದವರಿಗೆ ಕೆಲಸ ಸಿಕ್ಕಿರಬೇಕಲ್ಲ? ಅರ್ಧ ಮಂದಿಗೆ ಮಾತ್ರ ಸಿಕ್ಕರೆ 1.5 ಲಕ್ಷ ಎಂದೇ ಬರೆಯಿರಿ, ಆಗ ಎಂಎಸ್ಸಿ ದಾರಿಯ ವೆಚ್ಚ 5.6 ಲಕ್ಷಕ್ಕೆ ಇಳಿಯುತ್ತದೆ. ಕಾಲೇಜಿನವರನ್ನು ಮೂರೇ ಮಾತು ಕೇಳಿ: ಹೋದ ಬ್ಯಾಚಿನಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನ ಕೆಲಸಕ್ಕೆ ಸೇರಿದರು (ಆಫರ್ ಲೆಟರ್ ಲೆಕ್ಕವಲ್ಲ), ಸಂಬಳಗಳನ್ನು ಸಾಲಾಗಿ ಇಟ್ಟರೆ ನಡುವಿನದು ಎಷ್ಟು. ಕರಪತ್ರದ ಗರಿಷ್ಠ ಪ್ಯಾಕೇಜ್ ಯಾರೋ ಒಬ್ಬರದು.

ಪಿಯು ಮಂಡಳಿಯ ಮೊದಲ ಶೇ 1ರೊಳಗೆ ಅವಳಿದ್ದರೆ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿ. ವರ್ಷಕ್ಕೆ 80,000, ಅದರಲ್ಲಿ 60,000 ಕೈಗೆ, ಉಳಿದದ್ದು ಬೇಸಿಗೆ ಪ್ರಾಜೆಕ್ಟಿಗೆ. ಐದು ವರ್ಷ ದಕ್ಕಿದರೆ 3 ಲಕ್ಷ. ಶೇ 96 ಸಾಲುತ್ತದೆಯೇ ಎಂದು ಆ ವರ್ಷದ ಕಟ್‌ಆಫ್ ನೋಡಿಯೇ ಲೆಕ್ಕಕ್ಕೆ ತನ್ನಿ.

ಸಾಧಾರಣ ಕಾಲೇಜಿಗಾಗಿ 8 ಲಕ್ಷ ಸಾಲ ಬೇಡ ಎಂಬುದೇ ನಮ್ಮ ಸಲಹೆ. ಬಿಎಸ್ಸಿಗೆ ಸೇರಿಸಿ, ಆದರೆ ಗಣಿತದ ಜೊತೆ ಸಂಖ್ಯಾಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಇರುವ ಕಾಂಬಿನೇಷನ್ ಹಿಡಿಯಿರಿ. ಎಲ್ಲಿ ಓದು ನಿಲ್ಲಿಸುವುದು ಎಂದು ಎರಡನೇ ವರ್ಷದಲ್ಲೇ ತೀರ್ಮಾನಿಸಿ.

ಪ್ರಶ್ನೆ: ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಆಕ್ಚುವರಿ (ವಿಮೆಯ ಅಪಾಯ, ಪ್ರೀಮಿಯಂ ಲೆಕ್ಕ ಹಾಕುವ ತಜ್ಞರು) ಆದರೆ ಭಾರಿ ಸಂಬಳವಂತೆ. ಎಂಎಸ್ಸಿ ಬಿಟ್ಟು ಅತ್ತ ಹೋಗಲೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಂಬಳ ಒಳ್ಳೆಯದೇ, ದಾರಿ ಉದ್ದ. ಇನ್‌ಸ್ಟಿಟ್ಯೂಟ್ ಆಫ್ ಆಕ್ಚುವರೀಸ್ ಆಫ್ ಇಂಡಿಯಾ ನಡೆಸುವ ಎಸೆಟ್ ಪ್ರವೇಶ ಪರೀಕ್ಷೆ, ಅದು ದಾಟಿ ಫೆಲೋ, ಅಂದರೆ ಪೂರ್ಣ ಅರ್ಹತೆಯ ಆಕ್ಚುವರಿ, ಆಗುವಷ್ಟರಲ್ಲಿ 13 ಪತ್ರಿಕೆ. ಹೆಚ್ಚಿನವರು ಕೆಲವು ಪತ್ರಿಕೆ ಪಾಸಾಗಿ ವಿಮಾ ಕಂಪನಿ ಸೇರಿ, ದುಡಿಯುತ್ತಲೇ ಉಳಿದವನ್ನು ಬರೆಯುತ್ತಾರೆ. ಬಿಎಸ್ಸಿಯವರು ಮುಗ್ಗರಿಸುವುದು ಸಂಖ್ಯಾಶಾಸ್ತ್ರದ ಸಿಎಸ್1 ಪತ್ರಿಕೆಯಲ್ಲಿ. ನಮ್ಮ ಪಠ್ಯದಲ್ಲಿ ಬೀಜಗಣಿತ, ವಿಶ್ಲೇಷಣೆ, ಅವಕಲ ಸಮೀಕರಣ ಹೇರಳ, ಸಂಭವನೀಯತೆ ತೆಳು. ಸಿಎಸ್1ರ ಒಂದು ಭಾಗವನ್ನಂತೂ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಂಪ್ಯೂಟರ್ ಮೇಲೇ ಬಿಡಿಸಬೇಕು. ವಿಮಾ ಗಣಿತದ ಸಿಎಂ1 ಪತ್ರಿಕೆಯಲ್ಲಿ ಚಕ್ರಬಡ್ಡಿ, ಮರಣ ಕೋಷ್ಟಕ, ಜೊತೆಗೆ ಎಕ್ಸೆಲ್. ಈ ಎರಡನ್ನು ಮೊದಲು ಬರೆದು ನೋಡಿ. ಎರಡೆರಡು ಸಲ ಬರೆದರೂ ಆಗದಿದ್ದರೆ ಕೋಚಿಂಗಿಗೆ ಇನ್ನಷ್ಟು ಸುರಿಯಬೇಡಿ.

ಪ್ರಶ್ನೆ: ಗಣಿತ ಪದವೀಧರರು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ ಬರೆಯಬಹುದೇ?
– ಓದುಗರು, ಕಲಬುರಗಿ

ಉತ್ತರ: ಬರೀ ಗಣಿತವಿದ್ದರೆ ಆಗದು. ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿರಬೇಕು, ಇಲ್ಲವೇ ಅದರಲ್ಲಿ ಸ್ನಾತಕೋತ್ತರ ಪದವಿ ಬೇಕು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ (ಎಸ್‌ಎಸ್‌ಸಿ) ಕಿರಿಯ ಸಾಂಖ್ಯಿಕ ಅಧಿಕಾರಿ ಹುದ್ದೆಗೆ ಹಾಗಿಲ್ಲ. ಪಿಯುಸಿ ಗಣಿತದಲ್ಲಿ ಶೇ 60 ಇದ್ದು ಯಾವುದೇ ಪದವಿ ಆಗಿದ್ದರೆ ಅರ್ಜಿ ಹಾಕಬಹುದು. ಎಂಎಸ್ಸಿ ಗಣಿತ ಆಗಿದ್ದರೆ ಸಂಶೋಧನೆ, ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ನೆಟ್ ಬರೆಯಿರಿ. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕಿ ಪಿಎಚ್‌.ಡಿಗೆ ಸೇರಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ.