ದಾವಣಗೆರೆಯಿಂದ ಬಾರ್ಬಡೋಸ್‌ಗೆ: ಒಂದೇ ಏಟಿಗೆ ಬೇಡ

ಪ್ರಶ್ನೆ: ನನಗೆ 71, ನಮ್ಮ ಮನೆಯವರಿಗೆ 66. ನನಗೆ ಶುಗರ್ ಇದೆ, ರಾತ್ರಿ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ. ಅವರಿಗೆ ಮಂಡಿ ನೋವು. ಮಗ ಬಾರ್ಬಡೋಸ್‌ನಲ್ಲಿದ್ದಾನೆ, ಜನವರಿಯಲ್ಲಿ ಬನ್ನಿ ಎನ್ನುತ್ತಾನೆ. ಬೆಂಗಳೂರಿನಿಂದ ಲಂಡನ್, ಅಲ್ಲಿಂದ ಇನ್ನೊಂದು ವಿಮಾನ. ಈ ವಯಸ್ಸಿನಲ್ಲಿ ಇಷ್ಟು ದೂರ ತಡೆಯುತ್ತದಾ?
– ನಿವೃತ್ತ ಶಿಕ್ಷಕರು, ವಿದ್ಯಾನಗರ, ದಾವಣಗೆರೆ

ಉತ್ತರ: ಧಾರಾಳವಾಗಿ ಹೋಗಿ ಬನ್ನಿ ಮೇಷ್ಟ್ರೇ. ಆದರೆ ಒಂದೇ ಏಟಿಗೆ ಹೋಗಬೇಡಿ.

ನೀವೇ ಲೆಕ್ಕ ಹಾಕಿ. ಮನೆಯಿಂದ ದೇವನಹಳ್ಳಿಗೆ ಕಾರಿನಲ್ಲಿ ಐದು ಗಂಟೆ. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಲಂಡನ್‌ಗೆ ಹತ್ತರಿಂದ ಹನ್ನೊಂದು ಗಂಟೆ, ಅಲ್ಲಿ ನಾಲ್ಕೈದು ಗಂಟೆ ಕಾಯುವುದು, ಬಾರ್ಬಡೋಸ್‌ಗೆ ಮತ್ತೆ ಒಂಬತ್ತು ಗಂಟೆ ಹತ್ತಿರ. ಮೂವತ್ತು ಗಂಟೆ ದಾಟಿತು, ಅಲ್ವಾ? ಅದೂ ಹೆಚ್ಚಿನಂಶ ಕೂತೇ.

ಇದನ್ನು ಮೂರು ತುಂಡು ಮಾಡಿ. ಹಿಂದಿನ ದಿನವೇ ಹೊರಟು ದೇವನಹಳ್ಳಿ ಹತ್ತಿರ ಒಂದು ರಾತ್ರಿ ಮಲಗಿ. ಬೆಂಗಳೂರಿನ ಒಳಗೆ ಹೋಗುವುದೇ ಬೇಡ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಲು ಡ್ರೈವರ್‌ಗೆ ಹೇಳಿ. ಎರಡನೇ ರಾತ್ರಿ ಲಂಡನ್‌ನಲ್ಲಿ, ನಿಲ್ದಾಣದ ಪಕ್ಕದ ಹೋಟೆಲ್‌ನಲ್ಲಿ. ಸುಮ್ನೆ ದುಡ್ಡು ದಂಡ ಅನ್ನಿಸಬಹುದು. ಇಡೀ ಪ್ರಯಾಣದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ ಎನ್ನುತ್ತೇನೆ ನಾನು. ಬಾರ್ಬಡೋಸ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಲಂಡನ್‌ನಲ್ಲಿ ತಂಗಿದರೆ ಮೊದಲು ಐದೂವರೆ, ಆಮೇಲೆ ನಾಲ್ಕು ಎಂದು ಆ ಏಟೂ ಎರಡು ಕಂತಾಗುತ್ತದೆ.

ವೀಸಾದ ವಿಷಯದಲ್ಲಿ ಎಡವುವವರು ಜಾಸ್ತಿ. ಬಾರ್ಬಡೋಸ್‌ಗೆ ಭಾರತದ ಪಾಸ್‌ಪೋರ್ಟ್ ಇದ್ದರೆ ಸಾಕು, ಪ್ರವಾಸಕ್ಕೆ ವೀಸಾ ಬೇಡ. ಆದರೆ ದಾರಿಯಲ್ಲಿ ಸಿಗುವ ಬ್ರಿಟನ್‌ಗೆ ಬೇಕು. ರಾತ್ರಿ ತಂಗುವುದಾದರೆ ವಿಸಿಟರ್ ವೀಸಾ ಮಾಡಿಸಿ. ಅಮೆರಿಕದ ಮೇಲೆ ಹೋದರೂ ವೀಸಾ ತಪ್ಪಿದ್ದಲ್ಲ, ಬರೀ ವಿಮಾನ ಬದಲಿಸಲಿಕ್ಕೂ ಬೇಕು. ಇನ್ನೊಂದು ಮಾತು. ಲಂಡನ್‌ನಲ್ಲಿ ಇರುವುದು ಒಂದೇ ನಿಲ್ದಾಣವಲ್ಲ. ಹೀಥ್ರೂನಲ್ಲಿ ಇಳಿದು ಗ್ಯಾಟ್ವಿಕ್‌ನಲ್ಲಿ ಹತ್ತುವ ಅಗ್ಗದ ಟಿಕೆಟ್ ಕಂಡರೆ ಮಗನಿಗೆ ಬೇಡ ಅನ್ನಿ. ನಾನೇ ಒಮ್ಮೆ ಅಂಥ ಟಿಕೆಟ್ ಮಾಡಿಕೊಟ್ಟು, ಆ ದಂಪತಿ ಲಗೇಜ್ ಎಳೆದುಕೊಂಡು ಊರು ಸುತ್ತಿದ್ದಕ್ಕೆ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ಇನ್ಸುಲಿನ್ ನಿಮ್ಮ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಇಡಲೇಬೇಡಿ. ಅಲ್ಲಿನ ಚಳಿಗೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಪಡುವಣಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ‘ರಾತ್ರಿಯ ಡೋಸ್’ ಎಂದರೆ ಯಾವ ಊರಿನ ರಾತ್ರಿ? ಅದನ್ನು ನಾನು ಹೇಳಬಾರದು, ನಿಮ್ಮ ಡಾಕ್ಟರ್ ಹೇಳಬೇಕು. ವಿಮಾನದ ವೇಳೆ ಬರೆದ ಹಾಳೆ ಅವರ ಮುಂದಿಟ್ಟು, ಯಾವಾಗ ಎಷ್ಟು ಎಂದು ಭಾರತದ ಸಮಯದಲ್ಲೇ ಬರೆಸಿಕೊಳ್ಳಿ. ಕೈಗಡಿಯಾರವನ್ನು ಮಗನ ಮನೆ ಮುಟ್ಟುವವರೆಗೆ ತಿರುಗಿಸಬೇಡಿ. ಮಾತ್ರೆಗಳ ಮೂಲ ಹೆಸರಿರುವ ಚೀಟಿಯೂ ಇರಲಿ, ಕಂಪನಿ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಊಟಕ್ಕೆ ‘ಹಿಂದೂ ಮೀಲ್’ ಎಂದು ಹೇಳಿ ಮೋಸ ಹೋಗಬೇಡಿ. ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಕೋಳಿ ಬರಬಹುದು. ಸಸ್ಯಾಹಾರಿಗಳಾದರೆ ‘ಏಷ್ಯನ್ ವೆಜಿಟೇರಿಯನ್’ ಎಂದೇ ಮೊದಲೇ ಹೇಳಿಡಿ. ಕೈಚೀಲದಲ್ಲಿ ಎರಡು ಖಡಕ್ ರೊಟ್ಟಿ, ಒಂದಿಷ್ಟು ಚಟ್ನಿಪುಡಿ ಇಟ್ಟುಕೊಳ್ಳಿ. ಉಪ್ಪಿನಕಾಯಿ ಬೇಡ, ತಪಾಸಣೆಯಲ್ಲಿ ತೆಗೆದಿಡುತ್ತಾರೆ.

ಅಮ್ಮನವರಿಗೆ ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಹೇಳಿ. ಅದಕ್ಕೆ ದುಡ್ಡಿಲ್ಲ. ‘ನಾನೇನು ಕುಂಟಿನಾ’ ಎಂದು ಅವರು ಮುನಿಸಿಕೊಳ್ಳಬಹುದು, ಲಂಡನ್‌ನ ಕಾರಿಡಾರ್ ನೋಡಿದ ಮೇಲೆ ಮುನಿಸು ಇಳಿಯುತ್ತದೆ. ಇಬ್ಬರಿಗೂ ನಡುದಾರಿಯ ಪಕ್ಕದ ಸೀಟು ಇರಲಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ವಯಸ್ಸಾದವರಿಗೆ ಜಾಸ್ತಿ.

ಬ್ರಿಜ್‌ಟೌನ್ ಬಳಿ ಇಳಿದ ದಿನ ಮಗ ಕೆನ್ಸಿಂಗ್ಟನ್ ಓವಲ್ ತೋರಿಸುತ್ತೇನೆ ಎನ್ನಬಹುದು. 2024ರಲ್ಲಿ ನಮ್ಮವರು ಟಿ20 ವಿಶ್ವಕಪ್ ಗೆದ್ದ ಮೈದಾನ, ಆಸೆಯಾಗುತ್ತದೆ. ನಾಳೆ ಅನ್ನಿ. ರಾತ್ರಿ ಎಂಟರವರೆಗೆ ಕಣ್ಣು ತೆರೆದಿಟ್ಟುಕೊಂಡು, ಅನ್ನ ಸಾರು ಉಂಡು ಮಲಗಿ. ಮೊಮ್ಮಕ್ಕಳಿಗೆಂದು ಮಿಲಿಟರಿ ಚುಕ್ಕೆಯ ಬಟ್ಟೆ ಒಯ್ಯಬೇಡಿ. ಬಾರ್ಬಡೋಸ್‌ನಲ್ಲಿ ಮಕ್ಕಳೂ ಅದನ್ನು ಹಾಕುವಂತಿಲ್ಲ, ಕಾನೂನೇ ಇದೆ.

ಪ್ರಶ್ನೆ: ನನಗೆ 67. ಟ್ರಿನಿಡಾಡ್‌ಗೆ ಹೋಗಿ ಬರಲು ಹಳದಿ ಜ್ವರದ ಲಸಿಕೆ ಬೇಕಂತೆ, ನಿಜವೇ?
– ಗೃಹಿಣಿ, ಚಿತ್ರದುರ್ಗ

ಉತ್ತರ: ಹೋಗುವಾಗಲ್ಲ ತಾಯಿ, ವಾಪಸ್ ಬರುವಾಗ ತೊಂದರೆ. ಹಳದಿ ಜ್ವರದ ಜಾಗಗಳ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಸರ್ಟಿಫಿಕೇಟ್ ಇಲ್ಲದೆ ನೇರ ಬಂದರೆ ನಮ್ಮ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮ ಆಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಆದ್ದರಿಂದ ಟಿಕೆಟ್‌ಗೂ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ. ಅವರು ಸರಿ ಎಂದರೆ ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಹಾಕಿಸಿಕೊಂಡ 10 ದಿನದ ನಂತರವೇ ಸರ್ಟಿಫಿಕೇಟ್ ನಡೆಯುತ್ತದೆ.