ಕ್ಲ್ಯಾಂಗ್‌ಡಿ ಹಾಕಿದ ಮೇಲೆ ಎಲ್ಲಾ ಕಡೆ ಕೆಂಪು ಗೆರೆ, ಲ್ಯಾಪ್‌ಟಾಪ್ ಹ್ಯಾಂಗ್. ಆಫ್ ಮಾಡಿಬಿಡಲೇ?

ದಯವಿಟ್ಟು ಕ್ಲ್ಯಾಂಗ್‌ಡಿ ಆಫ್ ಮಾಡಬೇಡಿ. ಸಿ++ ಕೋಡ್ ಬರೆಯುವಾಗಲೇ ಅದನ್ನು ಓದಿ ತಪ್ಪು ತೋರಿಸುವ ಸಹಾಯಕ ಪ್ರೋಗ್ರಾಂ ಅದು. ವಿಎಸ್ ಕೋಡ್ ಎಡಿಟರ್‌ನಲ್ಲಿ ಇನ್‌ಕ್ಲೂಡ್ ಸಾಲುಗಳಿಗೆಲ್ಲ ಕೆಂಪು ಗೆರೆ ಬರುತ್ತದೆ, ಆದರೆ ಬಿಲ್ಡ್ ಮಾಡಿಸುವ ಟೂಲ್ ಸೀಮೇಕ್‌ನಲ್ಲಿ ಬಿಲ್ಡ್ ಸರಿಯಾಗಿ ಆಗುತ್ತದೆ ಅಂತ ಬರೆದಿದ್ದೀರಿ. ಅಂದರೆ ನಿಮ್ಮ ಕೋಡ್ ಸರಿಯಾಗಿಯೇ ಇದೆ. ಆ ಸಾಲುಗಳು ಸೇರಿಸಿಕೊಳ್ಳುವ ಹೆಡರ್ ಫೈಲ್‌ಗಳು ಎಲ್ಲಿವೆ ಅಂತ ಬಿಲ್ಡ್ ಮಾಡುವ ಕಂಪೈಲರ್‌ಗೆ ಗೊತ್ತು, ಕ್ಲ್ಯಾಂಗ್‌ಡಿಗೆ ಯಾರೂ ಹೇಳಿಲ್ಲ. ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಗಲ್ಲಿಯ ಹೆಸರೇ ಹೇಳದೆ ಮನೆಗೆ ಬನ್ನಿ ಅಂದ ಹಾಗಾಯಿತು, ಅಲ್ವಾ?

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಚಿಕ್ಕ ವರ್ಕ್‌ಶಾಪಿಗೆ ಮಷೀನ್ ನಡೆಸುವ ಸಿ++ ಪ್ರೋಗ್ರಾಂ ಬರೆಯುತ್ತೇನೆ. ನನಗೂ ಇದೇ ಆಗಿತ್ತು. ಎರಡು ದಿನ ಸುಮ್ನೆ ಸೆಟ್ಟಿಂಗ್ಸ್ ತಡಕಾಡಿದೆ. ವಿಎಸ್ ಕೋಡ್ ತನ್ನ ಸಂದೇಶಗಳನ್ನು ತೋರಿಸುವ ಔಟ್‌ಪುಟ್ ಪ್ಯಾನೆಲ್ ತೆಗೆದು ಕ್ಲ್ಯಾಂಗ್‌ಡಿ ಆರಿಸಿದಾಗ, ಕಂಪೈಲೇಶನ್ ಡೇಟಾಬೇಸ್ ಸಿಗಲಿಲ್ಲ ಅಂತ ಅಲ್ಲೇ ಇತ್ತು. ನೀವೂ ಮೊದಲು ಅಲ್ಲಿ ನೋಡಿ.

ಆ ಡೇಟಾಬೇಸ್ ಅಂದರೆ ಕಂಪೈಲ್_ಕಮಾಂಡ್ಸ್.ಜೇಸನ್ ಎಂಬ ಫೈಲ್. ಯಾವ ಫೈಲನ್ನು ಯಾವ ಆಯ್ಕೆ ಕೊಟ್ಟು ಕಂಪೈಲ್ ಮಾಡಬೇಕು ಅಂತ ಅದರಲ್ಲಿರುತ್ತದೆ. ಸೀಮೇಕ್‌ನಲ್ಲಿ ಸೀಮೇಕ್_ಎಕ್ಸ್‌ಪೋರ್ಟ್_ಕಂಪೈಲ್_ಕಮಾಂಡ್ಸ್ ಆನ್ ಮಾಡಿ ಮತ್ತೆ ಕಾನ್ಫಿಗರ್ ಮಾಡಿದರೆ ಬಿಲ್ಡ್ ಫೋಲ್ಡರಿನಲ್ಲಿ ಅದು ಬರುತ್ತದೆ. ವಿಂಡೋಸ್‌ನವರು ಒಂದು ಗಮನಿಸಿ: ಸೀಮೇಕ್‌ನ ಜನರೇಟರ್ (ಯಾವ ಬಗೆಯ ಬಿಲ್ಡ್ ಫೈಲ್ ತಯಾರಿಸಬೇಕು ಅನ್ನುವ ಆಯ್ಕೆ) ವಿಷುಯಲ್ ಸ್ಟುಡಿಯೋ ಆಗಿದ್ದರೆ ಈ ಫೈಲ್ ಬರುವುದೇ ಇಲ್ಲ. ನಿಂಜಾ ಅಥವಾ ಮೇಕ್‌ಫೈಲ್ ಜನರೇಟರ್ ಬೇಕು. ಫೋಲ್ಡರಿನ ಹೆಸರು 'ಬಿಲ್ಡ್' ಅಂತಲೇ ಇಡಿ, ಕ್ಲ್ಯಾಂಗ್‌ಡಿ ತಾನೇ ಹುಡುಕಿಕೊಳ್ಳುತ್ತದೆ. ಬೇರೆ ಹೆಸರಿದ್ದರೆ ಫೈಲನ್ನು ಪ್ರಾಜೆಕ್ಟಿನ ಮೇಲಿನ ಫೋಲ್ಡರಿಗೆ ಕಾಪಿ ಮಾಡಿ. ಆಮೇಲೆ ವಿಎಸ್ ಕೋಡಿನ ಕಮಾಂಡ್ ಪ್ಯಾಲೆಟ್‌ನಿಂದ ಲ್ಯಾಂಗ್ವೇಜ್ ಸರ್ವರ್, ಅಂದರೆ ಕ್ಲ್ಯಾಂಗ್‌ಡಿಯನ್ನೇ, ರೀಸ್ಟಾರ್ಟ್ ಮಾಡಿ.

ಇನ್ನು ನಿಮ್ಮ 4 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್ ಹ್ಯಾಂಗ್ ಆಗುವುದು. ಮೈಕ್ರೋಸಾಫ್ಟ್‌ನ ಸಿ++ ಎಕ್ಸ್‌ಟೆನ್ಶನ್ ಕೂಡ ಹಾಕಿದ್ದೀರಾ? ಹಾಕಿದ್ದರೆ ಎರಡೂ ಸೇರಿ ಒಂದೇ ಕೆಲಸ ಮಾಡುತ್ತಿರುತ್ತವೆ. ಮೈಕ್ರೋಸಾಫ್ಟ್‌ನದರಲ್ಲಿ ಕೋಡ್ ಓದಿ ತಪ್ಪು ತೋರಿಸುವ ಇಂಟೆಲಿಸೆನ್ಸ್ ಎಂಜಿನ್ ಡಿಸೇಬಲ್ ಮಾಡಿ, ಡೀಬಗ್ ಮಾಡಲು ಆ ಎಕ್ಸ್‌ಟೆನ್ಶನ್ ಇರಲಿ. ಕ್ಲ್ಯಾಂಗ್‌ಡಿ ಆರ್ಗ್ಯುಮೆಂಟ್ಸ್‌ನಲ್ಲಿ 'ಜೆ' ಆಯ್ಕೆಗೆ 1 ಕೊಡಿ, ಆಗ ಒಂದು ಸಲಕ್ಕೆ ಒಂದೇ ಕೆಲಸ ಹಿಡಿಯುತ್ತದೆ. ಕ್ಲ್ಯಾಂಗ್‌ಡಿ ಹಿನ್ನೆಲೆಯಲ್ಲಿ ಇಡೀ ಪ್ರಾಜೆಕ್ಟ್ ಓದಿ ಮಾಡಿಕೊಳ್ಳುವ ಪಟ್ಟಿಯಾದ ಬ್ಯಾಕ್‌ಗ್ರೌಂಡ್ ಇಂಡೆಕ್ಸ್ ಮಾತ್ರ ತೆಗೆಯಬೇಡಿ. ಮೊದಲ ಸಲ ಜಾಸ್ತಿ ಹೊತ್ತು ಹಿಡಿದರೂ ಅದನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ಒಂದು ಫಂಕ್ಷನ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತ ಇಡೀ ಪ್ರಾಜೆಕ್ಟಿನಲ್ಲಿ ಹುಡುಕಲು ಅದು ಬೇಕೇ ಬೇಕು.

ಸಾಲಿನ ನಡುವೆ ಬರುವ ಬೂದು ಅಕ್ಷರದ ಹೆಸರುಗಳು ಕಿರಿಕಿರಿ ಅನಿಸಿದರೆ ಇನ್‌ಲೇ ಹಿಂಟ್ಸ್ ಆಫ್ ಮಾಡಿ. ನಾನೂ ಆಫ್ ಮಾಡಿಯೇ ಇಟ್ಟಿದ್ದೇನೆ.

ಇಷ್ಟಾದರೂ ಗೆರೆ ಹೋಗದಿದ್ದರೆ ಔಟ್‌ಪುಟ್ ಪ್ಯಾನೆಲಿನ ಸಾಲುಗಳನ್ನು ಇಲ್ಲೇ ಹಾಕಿ, ನೋಡುತ್ತೇನೆ.