ಸ್ಟುಟ್‌ಗಾರ್ಟ್‌ನಿಂದ ಒಂದು ದಿನಕ್ಕೆ ಹೋಗಿಬರಲು ಯಾವ ಹಳೇ ಊರು ಒಳ್ಳೆಯದು?

ಆಫೀಸ್ ಕೆಲಸದ ನಡುವೆ ಒಂದೇ ಶನಿವಾರ ಬಿಡುವಿದೆ, ಹೈಡಲ್‌ಬರ್ಗ್‌ಗೆ ಹೋಗಲಾ ಅಂತ ಕೇಳಿದ್ದೀರಿ. ಅದೂ ಚೆಂದದ ಊರೇ. ಆದರೆ ಕನ್ನಡದವರು ಕೇಳಿದರೆ ನಾನು ಹೇಳುವುದು ಟ್ಯೂಬಿಂಗನ್. ರೈಲಿನಲ್ಲಿ ಸುಮಾರು ಒಂದು ಗಂಟೆ. ಎರಡನೇ ಮಹಾಯುದ್ಧದಲ್ಲಿ ಇಲ್ಲಿಗೆ ಹೆಚ್ಚು ಪೆಟ್ಟು ಬೀಳಲಿಲ್ಲ, ಹಾಗಾಗಿ ಹಳೇ ಬೀದಿಗಳು ಹಾಗೇ ಉಳಿದಿವೆ.

ಸ್ಟೇಷನ್ನಿಂದ ನಡೆದುಕೊಂಡೇ ನೆಕರ್ ನದಿಯ ಸೇತುವೆಗೆ ಬನ್ನಿ. ದಡದಲ್ಲಿ ಸಾಲು ಮನೆಗಳು, ನಡುವೆ ಹಳದಿ ಬಣ್ಣದ ಒಂದು ಗೋಪುರ. ಕವಿ ಹೋಲ್ಡರ್‌ಲಿನ್ ಮನಸ್ಸಿನ ಕಾಯಿಲೆಗೆ ಬಿದ್ದ ಮೇಲೆ ಒಬ್ಬ ಬಡಗಿಯ ಕುಟುಂಬ ಅವರನ್ನು ಅಲ್ಲಿ ಇಟ್ಟುಕೊಂಡು ನೋಡಿಕೊಂಡಿತು. 1807ರಿಂದ ಸಾಯುವವರೆಗೆ, ಅಂದರೆ 1843ರವರೆಗೆ. ಹತ್ತಿರದಲ್ಲೇ ಖಗೋಳ ವಿಜ್ಞಾನಿ ಕೆಪ್ಲರ್, ತತ್ವಜ್ಞಾನಿ ಹೆಗೆಲ್ ಓದಿದ ‘ಶ್ಟಿಫ್ಟ್’ ಎಂಬ ಧರ್ಮಶಾಸ್ತ್ರದ ವಿದ್ಯಾರ್ಥಿನಿಲಯ ಇದೆ.

ಹರ್ಮನ್ ಮೋಗ್ಲಿಂಗ್ ಓದಿದ್ದೂ ಇದೇ ಊರಿನಲ್ಲಿ. ಹೌದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ತಂದವರೇ. ಹಳೆಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ ಕೆಲಸಕ್ಕೆ ಇಲ್ಲಿನ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1896ರಲ್ಲಿ ಅದೇ ಗೌರವ ಕಿಟೆಲ್‌ಗೂ ಸಿಕ್ಕಿತು, 1894ರಲ್ಲಿ ಬಂದ ಅವರ ಕನ್ನಡ ನಿಘಂಟಿಗಾಗಿ. ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ. ಇವತ್ತಿಗೂ ಒಂದು ಕನ್ನಡ ಪದಕ್ಕೆ ಅರ್ಥ ಹುಡುಕುವಾಗ ನಾವು ಕಿಟೆಲ್ ನಿಘಂಟು ತೆಗೆಯುತ್ತೇವೆ, ಅಲ್ವಾ? ಇದು ಗೊತ್ತಿದ್ದು ಈ ಬೀದಿಗಳಲ್ಲಿ ಓಡಾಡುವ ಖುಷಿ ನನಗೆ ಬೇರೆ ಯಾವ ಜರ್ಮನ್ ಊರಲ್ಲೂ ಸಿಕ್ಕಿಲ್ಲ.

ಮಾರುಕಟ್ಟೆ ಚೌಕದಲ್ಲಿ ಪುರಸಭೆ ಕಟ್ಟಡದ ಮೇಲಿನ ಖಗೋಳ ಗಡಿಯಾರ ನೋಡಿ, 1511ರದು. ಆಮೇಲೆ ಏರು ಹತ್ತಿ ಕೋಟೆಗೆ ಹೋಗಿ. ಜಾಸ್ತಿ ಸಮಯ ಅಲ್ಲಿಗೇ ಇಡಿ. ಕೋಟೆಯ ಹಳೇ ಅಡುಗೆಮನೆ 19ನೇ ಶತಮಾನದಲ್ಲಿ ಪ್ರಯೋಗಾಲಯ ಆಗಿತ್ತು. ಗಾಯದ ಬ್ಯಾಂಡೇಜಿನ ಕೀವಿನಿಂದ ಬಿಳಿ ರಕ್ತಕಣಗಳನ್ನು ತೆಗೆದು, ಅವುಗಳಲ್ಲಿ ಫ್ರೀಡ್ರಿಶ್ ಮೀಷರ್ 1869ರಲ್ಲಿ ಒಂದು ಹೊಸ ವಸ್ತು ಕಂಡುಹಿಡಿದರು. ಅದನ್ನೇ ನಾವು ಈಗ ಡಿಎನ್‌ಎ ಅನ್ನುವುದು. ಅದೇ ಕೋಟೆಯ ಮ್ಯೂಸಿಯಂನಲ್ಲಿ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕ ಪುಟ್ಟ ಕುದುರೆ ಇದೆ. ಮ್ಯಾಮತ್ ಅಂದರೆ ಈಗ ಅಳಿದುಹೋಗಿರುವ ಆನೆಯಂಥ ಪ್ರಾಣಿಯ ದಂತದ್ದು, ಐದು ಸೆಂಟಿಮೀಟರೂ ಇಲ್ಲ. ಆದರೆ ವಯಸ್ಸು ಹತ್ತಿರ ಹತ್ತಿರ 40,000 ವರ್ಷ! ಕತ್ತಿನ ಆ ಬಾಗು ನೋಡಿದರೆ ಕೆತ್ತಿದವರಿಗೆ ಕುದುರೆ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ತಿಳಿಯುತ್ತದೆ. ದಯವಿಟ್ಟು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಸುಮ್ನೆ ಫೋಟೋ ತೆಗೆದು ಹೊರಡಬೇಡಿ.

ಸಸ್ಯಾಹಾರಿಗಳಾದರೆ ಕೇಸೆ‌ಶ್ಪೆಟ್ಸ್‌ಲೆ ಕೇಳಿ. ಮೆತ್ತನೆ ನೂಡಲ್ಸ್, ಚೀಸ್, ಮೇಲೆ ಹುರಿದ ಈರುಳ್ಳಿ. ಬೇಸಿಗೆಯಾದರೆ ಉದ್ದನೆ ಕೋಲು ಊರಿ ನಡೆಸುವ ದೋಣಿಗಳೂ ನದಿಯಲ್ಲಿ ಇರುತ್ತವೆ. ಬೀದಿಗಳೆಲ್ಲ ಕಲ್ಲುಹಾಸು, ಏರಿಳಿತ ಬೇರೆ. ಗಟ್ಟಿ ಶೂ ಹಾಕಿಕೊಳ್ಳಿ. ಹೋಗುವುದು ಶನಿವಾರವೇ ಇರಲಿ, ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ.